ಕಣ್ಣಿಗೆ ಕಂಡ ಹೆಸರು

ಆ ಭಾನುವಾರ ಬೆಳಿಗ್ಗೆ ಪುಟ್ಟಲಕ್ಷ್ಮಿ ಒಲೆಯ ಮೇಲೆ ಹಾಲಿಟ್ಟು ಮೂರು ಸಲ ಫೋನ್ ನೋಡಿದಳು. ಮೂರನೆಯ ಸಲಕ್ಕೆ ಹಾಲು ಉಕ್ಕಿತು. ಒರೆಸುತ್ತ ತನ್ನಷ್ಟಕ್ಕೆ ನಕ್ಕಳು. ನಲವತ್ತಾರು ವರ್ಷದ ಹೆಂಗಸು, ಪಿರಿಯಾಪಟ್ಟಣದ ಬಸ್ ನಿಲ್ದಾಣದ ಎದುರು ಹತ್ತು ವರ್ಷದಿಂದ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುವವಳು, ಒಂದು ಪುಟದ ಹೆಸರಿಗಾಗಿ ಹೀಗೆ ಹಾಲು ಉಕ್ಕಿಸುವುದೆಂದರೇನು.

"ಇವತ್ತೇನು, ನಿನ್ನ ನೋಡಕೆ ಗಂಡಿನ ಕಡೆಯೋರು ಬತ್ತಾವ್ರಾ?" ಎಂದ ಗಂಡ ನಟರಾಜು.

"ಬತ್ತಾವ್ರೆ, ಹುಣಸೂರಿಂದ. ಒಪ್ತಾರೋ ಬುಡ್ತಾರೋ ಮಧ್ಯಾಹ್ನದೊಳಗೆ ಗೊತ್ತಾಯ್ತದೆ."

ಸಂಗತಿ ಇಷ್ಟೇ. ಇಂಟರ್‌ನೆಟ್ಟಿನಲ್ಲಿ ಕನ್ನಡದ ಒಂದು ವೆಬ್ ಭದ್ರತೆ ಕೈಪಿಡಿ ಇತ್ತು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮೂವತ್ತು ಮಂದಿ ಸೇರಿ ಬರೆಯುತ್ತಿದ್ದುದು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ನಕಲಿ ಲಾಗಿನ್ ಪುಟ ಹೇಗಿರುತ್ತದೆ, ಸೊಸೈಟಿಯ ವೆಬ್‌ಸೈಟಿನಲ್ಲಿ ಪಾಸ್‌ವರ್ಡ್ ಹೇಗೆ ಕಾಪಾಡಬೇಕು, ಕಳೆದುಹೋದ ಖಾತೆಯನ್ನು ಹೇಗೆ ವಾಪಸು ಪಡೆಯಬೇಕು, ಹೀಗೆ ಇನ್ನೂರು ಪುಟ. ಅದನ್ನೆಲ್ಲ ಅಚ್ಚುಕಟ್ಟಾಗಿಟ್ಟವನು ಹುಣಸೂರಿನ ಕಂಪ್ಯೂಟರ್ ಮೇಷ್ಟ್ರು ಮಹೇಶ್‌ಕುಮಾರ್. ಪುಟಗಳಿಗೆ ಹೆಸರಿಡುವ ನಿಯಮ ಅವನದೇ. ಒಂದು ವಿಷಯಕ್ಕೆ ಒಂದೇ ಪುಟ. ತಾಂತ್ರಿಕ ಪದವೇ ಪುಟದ ಹೆಸರು. ವಾಕ್ಯ ಬೇಡ, ವ್ಯಕ್ತಿಗಳ ಹೆಸರು ಬೇಡ.

ಪುಟ್ಟಲಕ್ಷ್ಮಿ ಆ ನಿಯಮಗಳನ್ನು ಬಸ್ ಟಿಕೆಟ್ಟಿನ ಹಿಂಬದಿ ಓದುವ ಹಾಗೆ ಓದಿ ಬಿಟ್ಟಿದ್ದಳು. ಅವಳು ಬರೆದ ಮೊದಲ ಪುಟದ ಹೆಸರು 'ಚೆಲುವಮ್ಮನ ಲಿಂಕ್'.

ಚೆಲುವಮ್ಮ ತವರೂರಿನ ಗೆಳತಿ. ಉಚಿತ ಹೊಲಿಗೆ ಯಂತ್ರ ಕೊಡುತ್ತಾರೆಂಬ ಸಂದೇಶ ಒತ್ತಿ, ಫೋನಿಗೆ ಬಂದ ಆರು ಅಂಕಿಯನ್ನೂ ಕೊಟ್ಟು, ಎರಡು ದಿನ ತನ್ನ ವಾಟ್ಸಾಪನ್ನು ಯಾರದೋ ಕೈಗೆ ಒಪ್ಪಿಸಿದ್ದಳು. ಅವಳ ಹೆಸರಿನಲ್ಲಿ ಊರಿಗೆಲ್ಲ ಹಲ್ಕಾ ಸಂದೇಶಗಳು ಹೋದವು. ಸೆರಗು ಬಾಯಿಗೆ ಒತ್ತಿಕೊಂಡು ಅಂಗಡಿಗೆ ಓಡಿಬಂದಾಗ ಪುಟ್ಟಲಕ್ಷ್ಮಿ ಅದನ್ನು ಬಿಡಿಸಿಕೊಟ್ಟಳು. ಅದೇ ಸಂಜೆ ಹನ್ನೊಂದು ಹಂತಗಳಲ್ಲಿ ಬರೆದಿಟ್ಟಳು. ಹೆಸರಿಗಾಗಿ ಯೋಚಿಸಲೇ ಇಲ್ಲ. ಅವಳ ತವರಿನಲ್ಲಿ ಎಲ್ಲಕ್ಕೂ ಹಾಗೆಯೇ ಹೆಸರು. ಮರಿಯಯ್ಯ ಗಾಡಿಯಿಂದ ಬಿದ್ದ ಜಾಗ ಇಂದಿಗೂ ಮರಿಯಯ್ಯನ ತಿರುವು. ಕಣಜದ ಹುಳುವಿನಿಂದ ಕಚ್ಚಿಸಿಕೊಂಡವಳು ಚಿಕ್ಕಬೀರಮ್ಮ, ಮರ ಚಿಕ್ಕಬೀರಮ್ಮನ ಹುಣಸೆಮರ. ಪೆಟ್ಟು ಯಾರಿಗೆ ಬಿತ್ತೋ ಅವರ ಹೆಸರು, ಕೇಳಿದವರು ಎಚ್ಚರವಾಗುತ್ತಾರೆ.

ಮೂರನೆಯ ದಿನ ಮಹೇಶ್‌ಕುಮಾರ್ ಅದನ್ನು 'ಫಿಶಿಂಗ್' ಎಂದು ಬದಲಾಯಿಸಿದ, ಇಂಥ ಸುಳ್ಳು ಲಿಂಕಿನ ಮೋಸಕ್ಕೆ ಇಂಗ್ಲಿಷಿನಲ್ಲಿ ಅದೇ ಪದ. ಆಮೇಲೆ ಎರಡು ತಿಂಗಳಲ್ಲಿ ಆ ಪುಟ ತೆರೆದವರು ಇಬ್ಬರೇ, ಅವರಲ್ಲಿ ಒಬ್ಬಳು ಪುಟ್ಟಲಕ್ಷ್ಮಿ.

ಅವಳು ಚರ್ಚೆಯ ಪುಟದಲ್ಲಿ ಹದಿನೇಳು ಉತ್ತರ ಬರೆದು ಜಗಳವಾಡಿದಳು. ಇಷ್ಟು ಹಟ ತನ್ನೊಳಗೆ ಎಲ್ಲಿತ್ತೋ ಅವಳಿಗೇ ತಿಳಿಯದು. ಮಗಳಿಗೆ ಹೆಸರಿಟ್ಟದ್ದು ಅತ್ತೆ, ಅಂಗಡಿಗೆ ಹೆಸರಿಟ್ಟದ್ದು ಮೈದುನ. ದಿನವಿಡೀ ಬೇರೆಯವರ ಹೆಸರನ್ನು ಬೇರೆಯವರ ಚೌಕಗಳಲ್ಲಿ ತುಂಬುವ ಅವಳು ಬದುಕಿನಲ್ಲಿ ತಾನಾಗಿ ಇಟ್ಟ ಮೊದಲ ಹೆಸರು ಅದು. ಅದನ್ನು ಯಾರೋ ಒಂದು ಗುಂಡಿ ಒತ್ತಿ ತೆಗೆದದ್ದು, ತೊಟ್ಟಿಲ ಮಗುವನ್ನು ಎತ್ತಿಕೊಂಡು ಹೋದ ಹಾಗಾಗಿತ್ತು.

ಕೊನೆಗೆ ಮಹೇಶ್‌ಕುಮಾರ್ ಬರೆದ: "ವಾದ ಸಾಕು ಮೇಡಂ. ಪುಟ ಹುಡುಕಬೇಕಾದವರ ಮುಂದೆಯೇ ಪರೀಕ್ಷೆ ಮಾಡೋಣ. ಎರಡು ಹೆಸರನ್ನೂ ಇಡುತ್ತೇನೆ, ಪುಟ ಒಂದು, ಬಾಗಿಲು ಎರಡು. ಯಾವ ಬಾಗಿಲಿಂದ ಬರುತ್ತಾರೋ ಇನ್ನೂರು ಪುಟಕ್ಕೂ ಅದೇ ಪದ್ಧತಿ."

ಜಾಗ ಆರಿಸಿದ್ದು ಅವಳು. ತವರೂರಿನ ಹೊಗೆಸೊಪ್ಪಿನ ಶೆಡ್ಡು.

ಹನ್ನೊಂದಕ್ಕೆ ಮಹೇಶ್‌ಕುಮಾರ್ ಇಸ್ತ್ರಿ ಅಂಗಿಯಲ್ಲಿ ಬಂದಿಳಿದು, ಒಳಗೆ ಕಾಲಿಟ್ಟ ಕೂಡಲೇ ನಾಲ್ಕು ಸಲ ಸೀನಿದ. ಎಂಟು ಜನ ಹೆಂಗಸರು ಬಾಗಿಲ ಬೆಳಕಿಗೆ ಮುಖಮಾಡಿ ಕೂತು, ಶಾಖದಲ್ಲಿ ಬೇಯಿಸಿ ಒಣಗಿಸಿದ ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಬಣ್ಣ ನೋಡಿ ಗುಡ್ಡೆ ಮಾಡುತ್ತಿದ್ದರು.

"ಸೊಪ್ಪಿಗೇ ಇಂಗಾದ್ರೆ ಬೀಡಿ ಸೇದೋರ್ ಮನೆಗೆ ವೋದ್ರೆ ಏನ್ ಮಾಡೀರಿ ಸಾ," ಎಂದಳು ಹರೆಯದ ರಾಣಿ.

"ಇವು ಯಾವ ಯಾವ ಗುಡ್ಡೆ?" ಮಹೇಶ್‌ಕುಮಾರ್ ಮೂಗು ಒರೆಸಿಕೊಂಡು ಕೇಳಿದ.

"ಇದು ನಿಂಬೆಹಣ್ಣು. ಅದು ಕಿತ್ಲೆ. ಅದ್ರಾಚೆದು ಕರಿದು," ಎಂದಳು ಎಲ್ಲರಿಗಿಂತ ಹಿರಿಯಳಾದ ಚಿಕ್ಕಬಸಮ್ಮ. "ಹರಾಜಿನೋರು ಅದ್ಕೆ ಏನೇನೋ ನಂಬ್ರ ಬರ್ಕೋತಾರೆ. ಬರ್ಕೊಳ್ಲಿ. ನಮ್ಗೆ ಕಣ್ಣಿಗೆ ಕಂಡದ್ದೇ ಹೆಸ್ರು."

ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಚೆಲುವಮ್ಮ ಕೂತಿದ್ದಳು. ಸುತ್ತ ಹತ್ತೂರಿನಲ್ಲಿ ಅವಳಂಥ ಕಣ್ಣಿಲ್ಲ, ಅವಳ ಗುಡ್ಡೆಯನ್ನು ಯಾರೂ ಮತ್ತೆ ತಿರುವಿ ನೋಡುವುದಿಲ್ಲ. ಗೆಳತಿಯನ್ನು ಕಂಡು ನಕ್ಕಳು. ಪುಟ್ಟಲಕ್ಷ್ಮಿಯೂ ನಕ್ಕಳು. ತಡಿ, ಇವತ್ತು ನಿನ್ನ ಹೆಸರನ್ನೇ ಗೆಲ್ಲಿಸುತ್ತೇನೆ ಎಂದುಕೊಂಡಳು.

ಪರೀಕ್ಷೆ ಶುರುವಾಯಿತು. ಎಲ್ಲರ ಬೆರಳಿಗೂ ಸೊಪ್ಪಿನ ಕಪ್ಪು ಅಂಟು. ಪರದೆ ಮುಟ್ಟಿದರೆ ಕೇಳದು. ಆ ಹೆಂಗಸರು ಗೆಣ್ಣಿನಿಂದ ಮೈಕ್ ಒತ್ತಿ ಫೋನಿಗೆ ಮಾತಿನಲ್ಲೇ ಹೇಳುವವರು.

"ಒಂದು ಸುಳ್ಳು ಲಿಂಕ್ ಒತ್ತಿಬಿಟ್ಟಿದ್ದೀರಿ, ವಾಟ್ಸಾಪ್ ಹೋಗಿದೆ. ಈ ಕೈಪಿಡಿಯಲ್ಲಿ ಹುಡುಕಿ," ಎಂದ ಮಹೇಶ್‌ಕುಮಾರ್.

ಚಿಕ್ಕಬಸಮ್ಮ ಫೋನನ್ನು ಬಾಯಿಗೆ ಹಿಡಿದಳು. "ಲೋ, ಯಾವನೋ ನನ್ ವಾಟ್ಸಾಪು ಕದ್ಬುಟ್ಟವ್ನೆ ಕಣಪ್ಪ." ಏನೂ ಸಿಗಲಿಲ್ಲ.

"ಫಿಶಿಂಗ್ ಅಂತ ಯಾರಿಗೂ ತೋಚಲ್ವಾ?"

"ಅದ್ಯಾವೂರು ಸಾ?"

ಎಲ್ಲರೂ ನಕ್ಕರು, ಮಹೇಶ್‌ಕುಮಾರನೂ ನಕ್ಕ. ಆಗ ರಾಣಿ ಫೋನ್ ಕಿತ್ತುಕೊಂಡು, "ನೋಡಿ, ಇಂಗೆ," ಎಂದು ಗೆಣ್ಣು ಒತ್ತಿದಳು. "ಅವತ್ತು ಚೆಲುವಮ್ಮನ ಫೋನ್‌ಗೆ ಆಯ್ತಲ್ಲ, ಅದು."

ಪುಟ ತೆರೆದುಕೊಂಡಿತು.

ಪುಟ್ಟಲಕ್ಷ್ಮಿಗೆ ಕೂಗಬೇಕೆನ್ನಿಸಿತು. ಯಾರೂ ಹೇಳಿಕೊಟ್ಟಿರಲಿಲ್ಲ, ತನ್ನ ಊರು ತಾನು ಹೆಸರಿಡುವ ರೀತಿಯಲ್ಲೇ ನಡೆದುಬಂದು ತನ್ನ ಬಾಗಿಲು ತಟ್ಟಿತ್ತು.

"ಸೋತೆ ಮೇಡಂ," ಎಂದ ಮಹೇಶ್‌ಕುಮಾರ್. "ನೀವೇ ಗೆದ್ರಿ."

ರಾಣಿ ಮಾತ್ರ ಓದುತ್ತಲೇ ಇದ್ದಳು, ಗಟ್ಟಿಯಾಗಿ. "ಚೆಲುವಮ್ಮನ ಲಿಂಕ್. ಹೊಲಿಗೆ ಯಂತ್ರದ ಆಸೆಗೆ ಲಿಂಕ್ ಒತ್ತಿ, ಆರು ಅಂಕಿಯನ್ನು ತಾನೇ ಕೊಟ್ಟ ಮೇಲೆ... ಅಯ್ಯ, ಚೆಲುವಕ್ಕ, ಫೋನು ನೀರ್ಗೆ ಬಿತ್ತು, ರಿಪೇರಿಯೋನು ಆ ಮೆಸೇಜ್ ಕಳ್ಸ್ದ ಅಂದಿದ್ಯಲ್ಲ? ನೀನೇ ಕೊಟ್ಟಿದ್ದಾ?"

ಚೆಲುವಮ್ಮ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಪಕ್ಕದ ಗುಡ್ಡೆಗೆ ಹಾಕಿದಳು. ನಿಂಬೆಹಣ್ಣಿನ ಬಣ್ಣದ, ಒಂದು ಚುಕ್ಕೆ ಇಲ್ಲದ ಎಲೆ. ಬಿದ್ದದ್ದು ಕರಿಯ ಗುಡ್ಡೆಗೆ.

ಅದನ್ನು ನೋಡಿದವಳು ಪುಟ್ಟಲಕ್ಷ್ಮಿ ಒಬ್ಬಳೇ. ಅವಳು ಹೋಗಿ ಆ ಎಲೆಯನ್ನು ಎತ್ತಿ, ಸರಿಯಾದ ಗುಡ್ಡೆಗಿಟ್ಟು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

"ನಿನ್ ಅಂಗ್ಡಿಗೆ ಯಾಕ್ ಬಂದಿದ್ದೆ ಗೊತ್ತಾ?" ಚೆಲುವಮ್ಮ ಮೆಲ್ಲಗೆ ಕೇಳಿದಳು. "ನೀನು ಯಾರ್ಗೂ ಯೋಳಲ್ಲ ಅಂತ."

"ಯೋಳ್ನಿಲ್ಲ ಕಣೇ. ಹೆಸ್ರಿಟ್ಟೆ."

"ಎಲ್ಡೂ ಒಂದೇ ಕಣೇ ಪುಟ್ಟಿ. ನಾ ಸತ್ಮೇಲೂ ಅದು ನನ್ ಲಿಂಕೇ."

ಪುಟ್ಟಲಕ್ಷ್ಮಿಗೆ ಮರಿಯಯ್ಯನ ನೆನಪಾಯಿತು. ಮುಪ್ಪಿನಲ್ಲಿ ಆತ ಆ ತಿರುವು ಬಿಟ್ಟು ಗದ್ದೆಯ ಬದುವಿನ ಮೇಲೆ ಸುತ್ತು ಹಾಕಿ ಹೋಗುತ್ತಿದ್ದುದನ್ನು ಅವಳು ಚಿಕ್ಕವಳಾಗಿದ್ದಾಗ ಕಂಡಿದ್ದಳು. ಯಾಕೆಂದು ಯಾವತ್ತೂ ಕೇಳಿರಲಿಲ್ಲ.

"ಸಾರ್, ಆ ಹೆಸರು ಬೇಡ," ಎಂದಳು.

"ಗೆದ್ದಿದ್ದೀರಲ್ಲ ಮೇಡಂ."

"ನಿಮ್ಮ ನಿಯಮದಲ್ಲಿ ಒಂದು ಮಾತು ಸರಿಯಾಗಿತ್ತು, ನಾನೇ ಗಮನ ಕೊಟ್ಟು ಓದ್ನಿಲ್ಲ. ಜನಗಳ ಹೆಸರು ಬೇಡ. ಅಂಗಂತ ನಿಮ್ಮ ಫಿಶಿಂಗೂ ಬೇಡ." ಅವಳ ಕಣ್ಣು ಗುಡ್ಡೆಗಳ ಮೇಲಿತ್ತು. ನಿಂಬೆ, ಕಿತ್ತಳೆ, ಕರಿ. ಬೆಳೆದವನ ಹೆಸರಿಲ್ಲ, ಹರಾಜಿನ ನಂಬರಿಲ್ಲ. ಏನೋ ಹೊಳೆದು ಮೈಯೆಲ್ಲ ಬೆಚ್ಚಗಾಯಿತು. "ಚೆಲುವಿ, ಅವತ್ತು ನಿನ್ನ ಕಣ್ಣಿಗೆ ಮೊದ್ಲು ಕಂಡಿದ್ದೇನು?"

ಚೆಲುವಮ್ಮ ಒಂದು ಎಲೆ ಬೆಳಕಿಗೆ ಹಿಡಿದಳು, ಇನ್ನೊಂದು ಹಿಡಿದಳು.

"ಉಚಿತ ಹೊಲಿಗೆ ಯಂತ್ರ, ಇಂದೇ ಕೊನೆ ದಿನ," ಎಂದಳು. "ಕೆಂಪಕ್ಷರ."

"ನಂಗೂ ಬಂದಿತ್ತು ಕಣಕ್ಕ," ಎಂದಳು ರಾಣಿ, ಈಗ ದನಿ ತಗ್ಗಿಸಿ. "ಚಾರ್ಜ್ ಇರ್ನಿಲ್ಲ, ಅದ್ಕೆ ಒತ್ನಿಲ್ಲ."

"ಕರೆಂಟ್ ಕಟ್ ಮಾಡ್ತೀವಿ ಅಂತ ನಂಗ್ ಬಂದಿತ್ತು," ಎಂದಳು ಮತ್ತೊಬ್ಬಳು. "ಪಾರ್ಸಲ್ ಬಂದದೆ ಅಡ್ರೆಸ್ ಕೊಡಿ," ಎಂದಳು ಇನ್ನೊಬ್ಬಳು. ಚಿಕ್ಕಬಸಮ್ಮನಿಗೆ ಯಾರೋ ಕಾಣದ ಅಧಿಕಾರಿ ಪಿಂಚಣಿ ನಿಂತಿದೆ ಎಂದಿದ್ದ. ಹೆಸರುಗಳು ಹಬೆಯ ಹಾಗೆ ಏಳತೊಡಗಿದವು. ಮಹೇಶ್‌ಕುಮಾರ್ ಸೊಪ್ಪಿನ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸೀನುತ್ತ, ಬರೆದುಕೊಳ್ಳುತ್ತ, "ನಿಧಾನ, ನಿಧಾನ," ಎನ್ನುತ್ತಿದ್ದ. ಪುಟ್ಟಲಕ್ಷ್ಮಿ ಎದ್ದು ನಿಂತು ಹೊಸ ನಿಯಮ ಹೇಳಿ ಬರೆಸಿದಳು. ಪೆಟ್ಟು ತಿಂದವರ ಕಣ್ಣಿಗೆ ಮೊದಲು ಕಂಡದ್ದೇ ಪುಟದ ಹೆಸರು. ತಾಂತ್ರಿಕ ಪದ ಒಳಗೆ, ಎರಡನೆಯ ಸಾಲಿನಲ್ಲಿ. ಪೆಟ್ಟು ತಿಂದವರ ಹೆಸರು ಎಲ್ಲೂ ಇಲ್ಲ.

"ಒಂದು ವಿಷಯ," ಎಂದ ಮಹೇಶ್‌ಕುಮಾರ್. "ಹೆಸರು ಬದಲಿಸಿ ಆ ಬಾಗಿಲು ಮುಚ್ಚಿದರೂ ಹಳೆಯ ಹೆಸರು ಚರ್ಚೆಯ ಪುಟದಲ್ಲಿ ಉಳಿಯುತ್ತೆ. ಪುಟದ ಹಳೆಯ ತಿದ್ದುಪಡಿಗಳ ಇತಿಹಾಸದಲ್ಲೂ ಇರುತ್ತೆ. ಪೂರ್ತಿ ಅಳಿಸಬೇಕಂದ್ರೆ ನಿಮ್ಮ ಹದಿನೇಳು ಉತ್ತರನೂ ಹೋಗುತ್ತೆ. ಎಲ್ಲದರಲ್ಲೂ ಆ ಹೆಸರಿದೆ."

ತಾನಿಟ್ಟ ಮೊದಲ ಹೆಸರು.

"ಅಳ್ಸಿ," ಎಂದಳು.

ಅಳಿಸಿದ್ದು ಮುಗಿದ ಮೇಲೆ ರಾಣಿ ಚೆಲುವಮ್ಮನ ಮುಂದೆ ಫೋನ್ ಹಿಡಿದಳು. ಚೆಲುವಮ್ಮ ಗೆಣ್ಣಿನಿಂದ ಮೈಕ್ ಒತ್ತಿ, "ಚೆಲುವಮ್ಮನ ಲಿಂಕ್," ಎಂದಳು. ಏನೂ ಸಿಗಲಿಲ್ಲ. ಇನ್ನೊಮ್ಮೆ ಹೇಳಿ ನೋಡಿದಳು. ಇಲ್ಲ. ಆಮೇಲೆ, "ಉಚಿತ ಹೊಲಿಗೆ ಯಂತ್ರ," ಎಂದಳು. ಪುಟ ಬಂತು. ಎಲೆ ನೋಡುವ ಕಣ್ಣಿನಿಂದಲೇ ಮೇಲಿಂದ ಕೆಳಗೆ ಓದಿದಳು.

"ಆರನೇ ಹಂತ ಸರಿಯಿಲ್ಲ," ಎಂದಳು ಪುಟ್ಟಲಕ್ಷ್ಮಿಯ ಕಡೆ ನೋಡದೆ. "ಅವತ್ತು ಅದು ಮೊದ್ಲು ಹೆಸ್ರು ಕೇಳ್ನಿಲ್ಲ. ನಂಬ್ರ ಕೇಳ್ತು."

"ನೀನೇ ತಿದ್ದು."

"ನಾನಾ?"

"ಯಾರ್ ಬೇಕಾದ್ರೂ ತಿದ್ದಬೌದು. ಒಂದು ಖಾತೆ ಮಾಡ್ಕೋಬೇಕು, ಅಷ್ಟೇ." ಪುಟ್ಟಲಕ್ಷ್ಮಿ ಫೋನ್ ತೆಗೆದುಕೊಂಡಳು. ಅಭ್ಯಾಸಬಲದಿಂದ ಬೆರಳು ಹೆಸರಿನ ಚೌಕದ ಮೇಲೆ ಹೋಗಿ, ಅಲ್ಲೇ ನಿಂತಿತು. "ಏನಂತ ಆಕ್ಲಿ?"

ಚೆಲುವಮ್ಮ ಅಂಟು ಕೈಯನ್ನು ಗೋಣಿಗೆ ಉಜ್ಜಿಕೊಂಡಳು. ಸುತ್ತ ಎಲ್ಲರೂ ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

"ಕೊಡಿಲ್ಲಿ," ಎಂದಳು. "ನಾನೇ ಆಕ್ತೀನಿ."