ಮಯಿಲು ಬಂತು

ಸೆಗಣಿ ನೀರಿನ ವಾಸನೆ ಮೂಗಿಗೆ ಬಡಿದರೆ ಸಾಕು, ವನಮಾಲಾ ಎದ್ದು ಹಿತ್ತಿಲಿಗೆ ನಡೆದುಬಿಡುತ್ತಿದ್ದಳು. ಸೆಗಣಿಯ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಬೆಳಿಗ್ಗೆದ್ದು ಬಾಗಿಲು ಸಾರಿಸಿ ರಂಗೋಲಿ ಹಾಕುವವಳು ಅವಳೇ. ಆದರೆ ಫ್ರೆಂಚ್ ಪಾಠ ಮುಗಿಸಿದ ಮದಾಮ್ ಮಾರ್ಷಾನ್ ಬೀದಿಯ ತಿರುವು ದಾಟುವಷ್ಟರಲ್ಲಿ ತಾಯಿ ಸರಸ್ವತಮ್ಮ ತಂಬಿಗೆ ಹಿಡಿದು ಬರುತ್ತಿದ್ದಳಲ್ಲ, ಮದಾಮ್ ಕೂತಿದ್ದ ಬೆತ್ತದ ಕುರ್ಚಿಗೆ, ಅವರು ಕಾಲಿಟ್ಟ ನೆಲಕ್ಕೆ ಚಿಮುಕಿಸಲು, ಆ ನೀರೇ ಬೇರೆ. ಅದು ನಾರುತ್ತಿತ್ತು.

ಮದಾಮ್ ಫ್ರಾನ್ಸಿನಲ್ಲಿ ಹುಟ್ಟಿ, ಪಾಂಡಿಚೇರಿಯಲ್ಲಿ ಮೇಷ್ಟ್ರಾಗಿದ್ದ ಗಂಡನನ್ನು ಮಣ್ಣು ಮಾಡಿದವರು. ಆ ಊರು ಭಾರತಕ್ಕೆ ಸೇರಿದ ಮೇಲೆ ಅವರ ಗುರುತಿನವರೆಲ್ಲ ಹಡಗು ಹತ್ತಿದರೆ, ಇವರು ಪೆಟ್ಟಿಗೆ ಕಟ್ಟಿಕೊಂಡು ರೈಲು ಹತ್ತಿ ಕೊಯಮತ್ತೂರಿಗೆ ಬಂದರು. ಇಲ್ಲೊಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತಿದ್ದರು. ಜ್ವರ ಕಾಯುತ್ತಿದ್ದರೂ ಕ್ಲಾಸು ತಪ್ಪಿಸಿದ ಹೆಂಗಸಲ್ಲ. ಬ್ರೆಡ್ಡಿಗೆ ಫ್ರೆಂಚಿನಲ್ಲಿ ‘ಪೇಂ’ ಎನ್ನುತ್ತಾರೆ ಅಂದ ದಿನ, ಕಾಂಗೇಯದಿಂದ ಬಂದ ಹುಡುಗಿಯರು ಬಿದ್ದು ಬಿದ್ದು ನಕ್ಕರು. ತಮಿಳಿನಲ್ಲಿ ಪೇನ್ ಅಂದರೆ ತಲೆಯ ಹೇನು. ಮದಾಮ್ ಕೂಡ ತಲೆ ಕೆರೆದು ತೋರಿಸಿ ನಕ್ಕರು. ನಕ್ಕು ಮುಗಿದ ಮೇಲೆ ಮೂಗಿನಿಂದ ಸ್ವರ ಹೊರಡುವ ತನಕ ಒಬ್ಬಳನ್ನೂ ಬಿಡಲಿಲ್ಲ. “ತಪ್ಪು ಮಾತು ಕಿವಿಗೆ ಬಿದ್ದರೆ ಆಗಲೇ ತಿದ್ದಬೇಕು. ಸುಮ್ಮನಿರೋದು ಮರ್ಯಾದೆಯಲ್ಲ, ಸೋಮಾರಿತನ,” ಎನ್ನುತ್ತಿದ್ದರು.

ವನಮಾಲಾ ಬಿ.ಎ. ಕಡೆಯ ವರ್ಷದಲ್ಲಿದ್ದಳು. ಅವಳ ನಾಲಿಗೆಯ ಮೇಲೆ ಮದಾಮ್‌ಗೆ ಎಂಥ ನಂಬಿಕೆಯೆಂದರೆ, ಮನೆಗೇ ಬಂದು ಪುಕ್ಕಟೆ ಪಾಠ ಹೇಳುತ್ತಿದ್ದರು. ಒಳ್ಳೆಯ ಕ್ಲಾಸಿನಲ್ಲಿ ಪಾಸಾದರೆ ಮದ್ರಾಸಿಗೆ ಎಂ.ಎ.ಗೆ ಕಳಿಸುವುದು, ಆಮೇಲೆ ತಮ್ಮ ಜಾಗಕ್ಕೆ ಅವಳನ್ನೇ ತರುವುದು, ಇದು ಮದಾಮ್ ಲೆಕ್ಕ. ಪಾಸಾಗದಿದ್ದರೆ ಮದುಕ್ಕರೈ ಸಿಮೆಂಟು ಫ್ಯಾಕ್ಟರಿಯಲ್ಲಿದ್ದ ದೂರದ ನೆಂಟನ ಜಾತಕ ಅಪ್ಪನ ಮೇಜಿನ ಮೇಲೆ ತಯಾರಾಗಿತ್ತು.

ಮದಾಮ್‌ಗೆ ತಮಿಳು ನೀರು ಕುಡಿದಷ್ಟು ಸಲೀಸು. ಕನ್ನಡವನ್ನು ಮಾತ್ರ ಈ ಮನೆಯ ಹಜಾರದಲ್ಲೇ ಕೂತು ಕಿವಿಯಿಂದ ಹೆಕ್ಕಿಕೊಂಡರು. ಹಾಗೆ ಹೆಕ್ಕಿದ ಮೊದಲ ಮಾತು ಸರಸ್ವತಮ್ಮನದು. ಮದಾಮ್ ಗೇಟು ತೆಗೆದ ಸದ್ದು ಕೇಳಿದೊಡನೆ ಅವಳು ಒಳಗಿನಿಂದ ಕೂಗುತ್ತಿದ್ದಳು: “ವನೂ, ಮೈಲಿಗೆ ಬಂತು. ಕುಡಿಯೋ ನೀರಿನ ಚೊಂಬು ಒಳಗಿಡು.” ಪಾಠ ಮುಗಿದಾಗ ಅಲ್ಲಿಂದಲೇ, “ಮೈಲಿಗೆ ಹೋಯ್ತಾ?”

ತಮಿಳಿನ ಕಿವಿಗೆ ಅದು ಹೇಗೆ ಕೇಳಿಸಬೇಕೋ ಹಾಗೇ ಕೇಳಿಸಿತು. ಮಯಿಲ್ ಅಂದರೆ ನವಿಲು. ಮದಾಮ್‌ಗೋ ನೀಲಿ ಗೌನೆಂದರೆ ಪ್ರಾಣ. ಸಾಲದ್ದಕ್ಕೆ ವ್ಯಾಕರಣವೂ ಕೂಡಿಬಂತು: ಮನುಷ್ಯರಾದರೆ ಬಂದರು, ಹಕ್ಕಿಯಾದರೆ ಬಂತು. “ನಿನ್ನ ಅಮ್ಮ ನನ್ನನ್ನ ನವಿಲು ಅಂತ ಕರೀತಾರೆ,” ಎಂದು ಒಂದು ದಿನ ಮದಾಮ್ ಕೆನ್ನೆ ಕೆಂಪಗೆ ಮಾಡಿಕೊಂಡು ಹೇಳಿದಾಗ ವನಮಾಲಾಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ತಿದ್ದಲಿಲ್ಲ. ಮದಾಮ್ ಆ ಹೆಸರನ್ನು ಕಾಲೇಜಿನಲ್ಲೆಲ್ಲ ಹೇಳಿಕೊಂಡು ತಿರುಗಿದರು. ತಮಗೆಂದೇ ಆ ಮನೆಯಲ್ಲಿ ಹೂವಿನ ಚಿತ್ರದ ಪಿಂಗಾಣಿ ಕಪ್ಪು ಬೇರೆ ಇಟ್ಟಿದ್ದಾರೆ ಎಂದೂ ಹೇಳಿದರು. ಅಲ್ಲಿ ಕನ್ನಡ ಬಲ್ಲವರು ಯಾರಿದ್ದರು, ನಗುವುದಕ್ಕಾದರೂ?

ಈಗ ಆ ಹೆಸರೇ ಕುತ್ತಿಗೆಗೆ ಬಂದಿತ್ತು. ಅಪ್ಪ ವ್ಯಾಸರಾಯರು ವಕೀಲರು, ಊರಿನ ಕನ್ನಡಿಗರ ಸಂಘಕ್ಕೆ ಕಾರ್ಯದರ್ಶಿ. ಕನ್ನಡದ ಅಕ್ಷರ ಬಾರದೆ ತಮ್ಮ ಕನ್ನಡ ಭಾಷಣವನ್ನು ತಮಿಳು ಅಕ್ಷರದಲ್ಲಿ ಬರೆದುಕೊಳ್ಳುವ ಕಾರ್ಯದರ್ಶಿ. ಭಾನುವಾರದ ಸಭೆಗೆ ಮೈಸೂರಿನಿಂದ ವರ್ಗವಾಗಿ ಬಂದ ದೊಡ್ಡ ಅಧಿಕಾರಿಯೊಬ್ಬರು ಬರುತ್ತಿದ್ದರು. ಅವರೆದುರು ತಮ್ಮ ಮನೆಗೆ ಬರುವ ಬಿಳಿ ಮದಾಮ್ ಕನ್ನಡದಲ್ಲಿ ಮಾತಾಡಿಬಿಟ್ಟರೆ ತಮ್ಮ ಮರ್ಯಾದೆ ಎಷ್ಟು ಏರೀತು! ಆಹ್ವಾನ ಕೊಟ್ಟ ಮೇಲೆ ರಾಯರಿಗೆ ಗೊತ್ತಾಯಿತು, ಮದಾಮ್ ಸಭೆಗೆ ತಮ್ಮನ್ನು ಯಾವ ಪದದಿಂದ ಪರಿಚಯಿಸಿಕೊಳ್ಳಲಿದ್ದಾರೆಂದು.

“ಆ ಪದ ಬೇಡ, ಅತಿಥಿ ಅನ್ನಿ, ಅದು ಇನ್ನೂ ಚೆನ್ನಾಗಿದೆ ಅಂತ ಹೇಳಿಬಿಡು,” ಎಂದರು ಮಗಳಿಗೆ.

“ಯಾಕೆ ಅಂತ ಕೇಳ್ತಾರಪ್ಪ.”

“ಏನಾದ್ರೂ ಹೇಳು. ನಿಜ ಹೇಳಿದ್ರೆ ಆಕೆ ಮತ್ತೆ ಈ ಕಡೆ ತಲೆ ಹಾಕ್ತಾರಾ? ನಿನ್ನ ಪರೀಕ್ಷೆ ಏನಾಗುತ್ತೆ, ಯೋಚ್ನೆ ಮಾಡು.”

“ಕುರ್ಚಿಗೆ ನೀರು ಹಾಕೋದನ್ನ ನಿಲ್ಸಿದ್ರೆ?”

“ಅದು ನಿಮ್ಮಮ್ಮನ ಸಮಾಚಾರ. ನಡುವೆ ನಾನು ಬರಲ್ಲ.”

ಥೂ, ಇದೂ ಒಂದು ಮಾತೇ ಎನ್ನಿಸಿತು ವನಮಾಲಾಗೆ. ಮದಾಮ್ ಬಂದಾಗ ಎದ್ದು ನಿಂತು ಕೈಮುಗಿಯುವವರು ಇವರೇ. ಅವರು ಹೋದ ಮೇಲೆ ಕುರ್ಚಿ ಒಣಗುವ ತನಕ ದೂರ ನಿಂತು ಪೇಪರು ಓದುವವರೂ ಇವರೇ. ಅಮ್ಮನಾದರೂ ಒಳಗೊಂದು ಹೊರಗೊಂದು ಇಟ್ಟುಕೊಂಡವಳಲ್ಲ.

ಸಂಜೆ ಮದಾಮ್ ಬಂದರು. ಅರ್ಧ ಕಾಫಿ ಕುಡಿದು ಕಪ್ಪು ಕೆಳಗಿಟ್ಟು, ವ್ಯಾಸರಾಯರನ್ನೂ ಎದುರಿಗೆ ಕೂರಿಸಿಕೊಂಡು, ಕ್ಲಾಸಿನಲ್ಲಿ ನಿಲ್ಲುವ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತು ಶುರು ಮಾಡಿದರು.

“ಎಲ್ಲರಿಗೂ ನಮಸ್ಕಾರ. ನಾನು ವ್ಯಾಸರಾಯರ ಮನೆಯ ಮೈಲಿಗೆ.”

ವ್ಯಾಸರಾಯರು ಮಗಳತ್ತ ಹುಬ್ಬು ಹಾರಿಸಿದರು. ಹೇಳು, ಅತಿಥಿ ಅನ್ನು.

ವನಮಾಲಾ ಪುಸ್ತಕ ಮುಚ್ಚಿಟ್ಟಳು. ಮದ್ರಾಸು ಕಣ್ಣ ಮುಂದೆ ಬಂದು ಹೋಯಿತು, ಮೇಜಿನ ಮೇಲಿನ ಜಾತಕವೂ. “ಮದಾಮ್, ಆ ಪದಕ್ಕೆ ನವಿಲು ಅಂತ ಅರ್ಥ ಅಲ್ಲ,” ಎಂದಳು.

“ಅಲ್ವಾ? ಮತ್ತೆ? ಒಂದು ವಾಕ್ಯದಲ್ಲಿ ಬಳಸಿ ತೋರಿಸು.” ಪದಕ್ಕೆ ಪದ ಅರ್ಥ ಹೇಳಿದರೆ ಅವರು ಯಾವತ್ತೂ ಒಪ್ಪಿದವರಲ್ಲ.

“ನೀವು ಕೂತರೆ ನಮ್ಮ ಕುರ್ಚಿ ಮೈಲಿಗೆ. ನೀವು ಹೋದ ಮೇಲೆ ಅದಕ್ಕೆ ಸೆಗಣಿ ನೀರು ಹಾಕ್ತೀವಿ.”

“ತಮಾಷೆ ಮಾಡ್ತಾಳೆ, ಮದಾಮ್,” ಎಂದರು ವ್ಯಾಸರಾಯರು, ಗಂಟಲು ಸರಿಮಾಡಿಕೊಳ್ಳುತ್ತ. ಮದಾಮ್ ಅವರ ಕಡೆ ತಿರುಗಲಿಲ್ಲ. ಹೂವಿನ ಕಪ್ಪನ್ನೇ ನೋಡುತ್ತಿದ್ದರು.

“ಇದು?”

“ಬಚ್ಚಲ ಗೂಡಿನಲ್ಲಿಡ್ತೀವಿ. ಬೇರೆ ಯಾರೂ ಮುಟ್ಟಲ್ಲ.”

ಮದಾಮ್ ಮುಖದಲ್ಲಿ ರಕ್ತವಿರಲಿಲ್ಲ. “ಹಾಗಾದ್ರೆ ಆ ಬಂತು, ಹೋಯ್ತು... ಹಕ್ಕಿಗೆ ಹೇಳಿದ್ದಲ್ಲ.”

“ಅಲ್ಲ.”

ಅವರು ಚೀಲ ತೆಗೆದುಕೊಂಡರು. ತಮಗೆ ಇನ್ನೂ ಕನ್ನಡ ಸಾಲದು, ಭಾನುವಾರ ಬರುವುದಿಲ್ಲ ಎಂದು ವ್ಯಾಸರಾಯರಿಗೆ ಶುದ್ಧ ತಮಿಳಿನಲ್ಲಿ ಹೇಳಿದರು. ಬಾಗಿಲ ಬಳಿ ನಿಂತು ವನಮಾಲಾಳ ಕಡೆ ತಿರುಗಿದರು. “ವಾಕ್ಯ ಸರಿಯಾಗಿತ್ತು. ತಿದ್ದೋದಕ್ಕೆ ಬಹಳ ತಡ ಮಾಡಿದೆ. ಇನ್ನು ಮೇಲೆ ಪಾಠಕ್ಕೆ ನನ್ನ ಕೋಣೆಗೆ ಬಾ. ಅಲ್ಲಿ ನನ್ನ ಕಪ್ಪಿನಲ್ಲೇ ಕುಡೀಬೇಕಾಗುತ್ತೆ.”

ಗೇಟು ಮುಚ್ಚಿತು.

“ಅಲ್ಲಿಗೆ ಹೋಗಿ ತಿಂದು ಕುಡಿದು ಬಂದ್ರೆ ನಿನ್ನ ಒಳಗೆ ಸೇರಿಸೋದು ಹ್ಯಾಗೆ?” ವ್ಯಾಸರಾಯರು ಹಲ್ಲು ಕಚ್ಚಿ ಕೇಳಿದರು.

 ವನಮಾಲಾ ಹೋಗಿ ಆ ಬೆತ್ತದ ಕುರ್ಚಿಯಲ್ಲಿ ಕೂತಳು. ಹೂವಿನ ಕಪ್ಪು ಎತ್ತಿ, ಮದಾಮ್ ಉಳಿಸಿಹೋದ ಎಂಜಲು ಕಾಫಿಯನ್ನು ಕಣ್ಣು ಮುಚ್ಚಿ ಕುಡಿದಳು. ತಣ್ಣಗಾಗಿ ಕೆನೆ ಕಟ್ಟಿತ್ತು. ಕೆನೆಯನ್ನೂ ಬಿಡದೆ ನುಂಗಿದಳು. ಅಪ್ಪ ಗೋಡೆಗೆ ಒತ್ತಿಕೊಂಡು ನಿಂತರು.

ಒಳಗೆ ತಂಬಿಗೆಗೆ ನೀರು ತುಂಬುವ ಸದ್ದಾಯಿತು.

“ವನೂ, ಮೈಲಿಗೆ ಹೋಯ್ತಾ?”

“ಇಲ್ಲಮ್ಮ,” ಎಂದಳು ವನಮಾಲಾ. “ಇಲ್ಲೇ ಕೂತಿದೆ.”