ಪೆದ್ದಮ್ಮನ ಗೋಣಿ

ಚೈತ್ರಳ ಸ್ಟೂಲನ್ನು ಮಂಗಳಾ ಮೂರನೇ ಸಲ ಸಾಲಿಗೆ ಎಳೆದು ತಂದಳು. "ಇಲ್ಲೇ ನನ್ ಪಕ್ಕ ಕೂತ್ಕಳಮ್ಮ. ನಾಲಕ್ ಜನದ ಜೊತೆ ಬೆರೀಬೇಕು ಕಣಮ್ಮ," ಎಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಒಳ್ಳೆಯದು ಮಾಡಿಯೇ ತೀರುತ್ತೇನೆಂದು ಹೊರಟವರ ಕೈಗೆ ಸಿಕ್ಕವರ ಪಾಡು ಯಾರಿಗೂ ಬೇಡ.

ಮಧುಗಿರಿಯ ಹೊರಗಿನ ಆ ಗಾರ್ಮೆಂಟ್ಸ್‌ನಲ್ಲಿ ಮಂಗಳಾ ಹನ್ನೊಂದು ವರ್ಷದಿಂದ ಸೂಪರ್‌ವೈಸರ್. ಚೈತ್ರ ಕೊರಟಗೆರೆ ಕಡೆಯವಳು, ಇಪ್ಪತ್ತೆರಡು ವರ್ಷ, ಕೆಲಸಕ್ಕೆ ಸೇರಿ ಎರಡು ವಾರ. ಆಟಿಸಂ ಇದೆ ಎಂದು ಸರ್ಟಿಫಿಕೇಟಿನಲ್ಲಿ ಬರೆದಿತ್ತು. ಹೊಲಿದ ಅಂಗಿಗಳಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುವುದು ಅವಳ ಕೆಲಸ. ಕತ್ತರಿ ಹಿಡಿದರೆ ಕೈ ಚೊಕ್ಕ. ಟೀ ಬೆಲ್ ಹೊಡೆಯಿತೋ, ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂತುಬಿಡುತ್ತಿದ್ದಳು. ಮತ್ತೆ ಎದ್ದು ಕತ್ತರಿ ಹಿಡಿಯಲು ಅರ್ಧ ಗಂಟೆ ಬೇಕಾಗುತ್ತಿತ್ತು.

"ಶನಿವಾರದವರೆಗೆ ನೋಡ್ತೀನಿ ಮಂಗಳಮ್ಮ. ಆಗ್ಲಿಲ್ಲ ಅಂದ್ರೆ ಅವರಪ್ಪನ್ನ ಕರೆಸಿ ಕಳಿಸ್ಬುಡಿ," ಎಂದು ಮ್ಯಾನೇಜರ್ ಗಂಗಾಧರ್ ಸೋಮವಾರವೇ ಹೇಳಿದ್ದ. ಇಂಥವರಿಗೆ ಕೆಲಸದ ಜಾಗವನ್ನು ಹೊಂದಿಸಿಕೊಡಬೇಕೆಂದು ಕಾಯ್ದೆಯೇ ಇದೆ. ಅದರ ಪೋಸ್ಟರು ಗಂಗಾಧರನ ಕುರ್ಚಿಯ ಹಿಂದೆಯೇ ಅಂಟಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಶುಕ್ರವಾರ ಬೆಳಗಿನ ಟೀ ಬೆಲ್ ಹೊಡೆಯಿತು. ಮೇಜಿನ ಕೆಳಗಿಂದ ಎದ್ದ ಚೈತ್ರ ಯಾರ ಮುಖವನ್ನೂ ನೋಡದೆ ಸ್ಟೂಲ್ ಎತ್ತಿಕೊಂಡು ಹೋಗಿ, ಹಿಂದಿನ ಗೋಡೆಯ ಹತ್ತಿರ ರಟ್ಟಿನ ಪೆಟ್ಟಿಗೆಗಳ ಮರೆಯಲ್ಲಿ, ಎಲ್ಲರಿಗೂ ಬೆನ್ನು ಹಾಕಿ ಕೂತಳು. ಮಂಗಳಾ ನಾಲ್ಕನೇ ಸಲ ಎಳೆಯಲು ಎದ್ದಳು. ಹತ್ತಿರ ಹೋದವಳು ಹಾಗೇ ನಿಂತುಬಿಟ್ಟಳು. ಗೋಡೆಗೆ ಮುಖ ಮಾಡಿದ ಇಂಥದೊಂದು ಬೆನ್ನನ್ನು ಅವಳು ಎಲ್ಲೋ ನೋಡಿದ್ದಳು.

ಆಂಧ್ರ ಗಡಿಯ ನಾಗಲಮಡಿಕೆ ಹತ್ತಿರ ಮಂಗಳಾಳ ತವರು. ಶಿವರಾತ್ರಿ ಕಳೆದರೆ ಅಂಗಳದ ತುಂಬ ಹುಣಸೆಹಣ್ಣು. ಹತ್ತು ಹನ್ನೆರಡು ಹೆಂಗಸರು ಸುತ್ತ ಕೂತು ಬೀಜ ಬಿಡಿಸಲು ಕೊಡತಿಯಲ್ಲಿ ಬಡಿಯುತ್ತಿದ್ದರು. ಅರ್ಧ ತೆಲುಗು, ಅರ್ಧ ಕನ್ನಡದ ಚಾಡಿಮಾತು, ನಡುವೆ ಪದ ಹಾಡುವುದು. ಹುಳಿ ನೆಕ್ಕಿ ನೆಕ್ಕಿ ಮಂಗಳಾಳ ನಾಲಿಗೆ ಒಡೆದು ಹೋಗುತ್ತಿತ್ತು. ಎಷ್ಟು ಚೆನ್ನಾಗಿತ್ತು ಆ ಕಾಲ!

ಕೂಲಿಗೆ ಬರುತ್ತಿದ್ದ ಆ ಹೆಂಗಸರಲ್ಲಿ ಪೆದ್ದಮ್ಮ ಎಂಬವಳೊಬ್ಬಳೇ ಬೇರೆ. ಕರೆದರೆ ಓಗೊಡುವವಳಲ್ಲ, ಕೊಡತಿ ಸದ್ದಿಗೆ ಮುದುಡಿಕೊಳ್ಳುವಳು. ಬಂದ ಮೊದಲ ದಿನವೇ ತಾನು ಕೂತ ಗೋಣಿಯನ್ನು ಕೊಟ್ಟಿಗೆ ಗೋಡೆಯವರೆಗೆ ಎಳೆದುಕೊಂಡು ಹೋಗಿ, ಬೆನ್ನು ಹಾಕಿ, ಹಣ್ಣಿನ ನಾರು ತೆಗೆಯತೊಡಗಿದಳು. ಯಾರೋ ನಗುತ್ತಾ ಗೋಣಿಯನ್ನು ವಾಪಸ್ಸು ಎಳೆದರು. ಅಮ್ಮ ಮಹಾಲಕ್ಷ್ಮಮ್ಮ ತಲೆ ಎತ್ತಿ, "ಗೋಣಿ ಎಳೀಬ್ಯಾಡ್ರಮ್ಮಿ. ಎಲ್ಲಿ ಕೂತ್ಕಬೇಕು ಅಂತ ಆವಮ್ಮಂಗೇ ಗೊತ್ತು," ಎಂದಳು.

ಅಷ್ಟೇ. ಸರ್ಟಿಫಿಕೇಟು, ಪೋಸ್ಟರು ಏನೂ ಇರಲಿಲ್ಲ. ಮುಂದಿನ ವರ್ಷದಿಂದ ಗೋಡೆ ಪಕ್ಕ ಪೆದ್ದಮ್ಮನ ಗೋಣಿ ಹಾಸಿದ ಮೇಲೆಯೇ ಉಳಿದವರು ಕೂರುವುದು ಮನೆಯ ಪದ್ಧತಿಯಾಯಿತು. ಕೂಲಿ ಎಲ್ಲರಿಗೂ ಒಂದೇ. ಪೆದ್ದಮ್ಮ ತೀರಿಕೊಂಡ ವರ್ಷವೂ ಅಮ್ಮ ಮರೆತು ಆ ಗೋಣಿ ಹಾಸಿದ್ದಳು. ಆಮೇಲೆ ಅದನ್ನು ಮಡಿಚಲಾರದೆ ಬಹಳ ಹೊತ್ತು ಅಲ್ಲೇ ಕೂತಿದ್ದಳು. ಈಗ ಅಮ್ಮನೂ ಇಲ್ಲ. ಮಂಗಳಾಗೆ ಆ ಅಂಗಳ ನೆನೆದು ಅಳು ಬಂತು.

ಅಂಥ ಅಮ್ಮನ ಮಗಳು ನಾನು, ಮೂರು ಸಲ ಎಳೆದಿದ್ದೇನೆ! ನಾಚಿಕೆಯಾಯಿತು. ಸ್ಟೂಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಇಲ್ಲೇ ಇರ್ತೀಯೇನಮ್ಮ?" ಎಂದಳು.

"ಇಲ್ಲಿ ಬೆಲ್ ಕಮ್ಮಿ ಕೇಳುತ್ತೆ," ಎಂದಳು ಚೈತ್ರ, ಗೋಡೆಗೆ ಹೇಳುವಂತೆ. "ಮೊದಲನೇ ದಿನವೇ ಹೇಳಿದ್ದೆ."

ಹೇಳಿದ್ದಳು, ನಿಜ. ಮಂಗಳಾ ಕಿವಿಗೆ ಹಾಕಿಕೊಂಡಿರಲಿಲ್ಲ.

ಶನಿವಾರ ಗಂಗಾಧರ್ ಬಂದ. "ಇದೇನ್ ಮಂಗಳಮ್ಮ, ಲೈನ್ ಬಿಟ್ಟು ಮೂಲೇಲಿ ಕೂರ್ಸಿದೀರ?" ಎನ್ನುತ್ತಾ ಸ್ಟೂಲಿಗೆ ಕೈ ಹಾಕಿದ.

"ಸ್ಟೂಲ್ ಎಳೀಬ್ಯಾಡಿ ಸಾರ್."

ದನಿ ಥೇಟ್ ಅಮ್ಮನದೇ. ಹತ್ತಿರದ ಮಿಷನ್ನುಗಳು ನಿಂತವು.

"ನಿನ್ನೆಯಿಂದ ಇಲ್ಲೇ ಕೂತವ್ಳೆ. ಬೆಲ್ ಹೊಡೆಯೋ ಮುಂಚೆ ನಾನೇ ಹೇಳ್ತೀನಿ, ಆಚೆ ಹೋಗಿ ಬತ್ತಾಳೆ. ಒಂದ್ಸಲಾನೂ ಮೇಜಿನ್ ಕೆಳಗೆ ಹೋಗಿಲ್ಲ. ಕಳಿಸ್ಲೇಬೇಕು ಅಂದ್ರೆ ಯಾಕೆ ಅಂತ ಬರೆದುಕೊಡಿ ಸಾರ್, ನಿಮ್ ಪೋಸ್ಟರ್ ಪಕ್ಕದಲ್ಲೇ ಅಂಟಿಸ್ತೀನಿ."

ಗಂಗಾಧರ್ ಕೆಂಪಗಾದ. ಚೈತ್ರ ಮುಗಿಸಿದ್ದ ಅಂಗಿಗಳನ್ನು ಒಂದೊಂದಾಗಿ ತಿರುಗಿಸಿ ಮುರುಗಿಸಿ ನೋಡಿದ. ಒಂದು ದಾರದ ತುದಿಯೂ ಸಿಗಲಿಲ್ಲ. "ಇರ್ಲಿ ಬುಡಿ," ಎಂದು ಗೊಣಗಿ ಹೋದ.

ಸೋಮವಾರ ಮಂಗಳಾ ಎಲ್ಲರಿಗಿಂತ ಮೊದಲೇ ಬಂದು ಸ್ಟೂಲನ್ನು ಗೋಡೆಯ ಪಕ್ಕ ಇಟ್ಟಳು. ಆಮೇಲೆ ತನ್ನ ಜಾಗಕ್ಕೆ ಹೋದಳು. ಚೈತ್ರ ಬಂದಳು. ಅವಳು ನಗಲಿಲ್ಲ, ಥ್ಯಾಂಕ್ಸ್ ಎನ್ನಲಿಲ್ಲ. ಮಂಗಳಾ ಇಟ್ಟ ಜಾಗದಿಂದ ಸ್ಟೂಲನ್ನು ಒಂದು ಗೇಣು ಎಡಕ್ಕೆ ಸರಿಸಿಕೊಂಡು ಕೂತು ಕತ್ತರಿ ಹಿಡಿದಳು.

ಮರುದಿನ ಮಂಗಳಾ ಆ ಒಂದು ಗೇಣನ್ನು ಅಳೆದೇ ಸ್ಟೂಲ್ ಇಟ್ಟಳು.