ಕುಂಬಳಕಾಯಿ ಹೆಚ್ಚಿದ ಕೈ

"ಕುಂಬಳಕಾಯಿ ಹೆಚ್ಚುವಾಗ ಕುಯ್ಕೊಂಡೆ ಅನ್ನು. ಏನಂತೀಯ? ಬಾಯಿ ಬಿಡೇ ಮುಂಡೇದೆ, ಕುಂಬಳಕಾಯಿ."

ಬಾಟಲಿ ಸಾಗಿಸುವ ಟೆಂಪೋದ ಹಿಂಭಾಗದಲ್ಲಿ ಕೂತು ಮೇಸ್ತ್ರಿ ದೊಡ್ಡಕ್ಕನಿಗೆ ಪಾಠ ಹೇಳಿಕೊಡುತ್ತಿದ್ದ. ಅವಳ ಬಲ ಮಣಿಕಟ್ಟಿಗೆ ಟವೆಲು ಸುತ್ತಿ ನಾನು ಬಿಗಿಯಾಗಿ ಹಿಡಿದಿದ್ದೆ. ರಕ್ತ ನನ್ನ ಮೊಣಕೈವರೆಗೂ ಇಳಿದಿತ್ತು. ಶೆಡ್ಡಿನಲ್ಲಿ ಆಯಿತು ಎಂದು ಬಾಯಿಬಿಟ್ಟರೆ ನಾಳೆಯಿಂದ ಆ ಕಡೆ ತಲೆ ಹಾಕಿಯೂ ಮಲಗಬೇಡ ಎಂದ.

ದೊಡ್ಡಕ್ಕ ನಮ್ಮ ಯಾರ ಒಡಹುಟ್ಟಿದವಳೂ ಅಲ್ಲ. ಬಾಟಲಿ ತೊಳೆಯುವ ಹನ್ನೊಂದು ಹೆಂಗಸರಲ್ಲಿ ಅವಳೇ ಹಳಬಳು, ಅದಕ್ಕೆ ಹಾಗೆ ಕರೆಯುತ್ತೇವೆ. ಸೋಡಾಪುಡಿ ಬೆರೆಸಿದ ತೊಟ್ಟಿಯ ನೀರು ಮಸಿಯಷ್ಟು ಕಪ್ಪು. ಒಳಗಿರುವುದು ಇಡೀ ಬಾಟಲಿಯೋ ಒಡೆದದ್ದೋ ಕೈಗೇ ಗೊತ್ತಾಗಬೇಕು. ಅವತ್ತು ಅವಳ ಕೈಗೆ ಸ್ವಲ್ಪ ತಡವಾಗಿ ಗೊತ್ತಾಯಿತು. ಬಾಟಲಿಗಳನ್ನು ಮೇಲೆತ್ತಲು ತಂತಿಯ ಜಾಲರಿ ಹಾಕಿಸಿ ಎಂದು ಎರಡು ವರ್ಷದಿಂದ ಬೇಡುತ್ತಿದ್ದೆವು. ನಿಮ್ಮ ಕೈಗಿಂತ ಒಳ್ಳೆಯ ಜಾಲರಿ ಎಲ್ಲಿದೆ ಎಂದು ಯಜಮಾನ ನಗುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಗಾಯಿತು ಎಂದು ಕೇಳಿದರು. ದೊಡ್ಡಕ್ಕ ಹಲ್ಲು ಕಚ್ಚಿಕೊಂಡು ಕುಂಬಳಕಾಯಿ ಎಂದಳು. ಒಂದೊಂದೇ ಬೆರಳು ಮಡಿಸಲು ಹೇಳಿದರು. ಹೆಬ್ಬೆರಳು ಮಡಚಿಕೊಂಡಿತು. ತೋರುಬೆರಳು, ನಡುಬೆರಳು ಮಾತ್ರ ಮದುವೆಗೆ ಬಂದ ಬೀಗರಂತೆ ಕೂತಲ್ಲೇ ಕೂತಿದ್ದವು.

ಒಳಗೆ ಕರೆದೊಯ್ದು ಮೂರು ಗಂಟೆ ಕುಯ್ದು ಹೊಲಿದರು. ಹೊರಗೆ ಬಂದ ಡಾಕ್ಟರಮ್ಮನ ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಉಗುರಿನಷ್ಟು ಹಸಿರು ಗಾಜು.

"ಯಾವ ಅಂಗಡಿ ಕುಂಬಳಕಾಯಿ ಇದು? ಒಳಗೆ ಬಾಟಲಿ ಬೆಳೆದಿದೆ."

ಮೇಸ್ತ್ರಿಯ ಮುಖ ಒಂದಿಷ್ಟೂ ಬಾಡಲಿಲ್ಲ. "ಕಾಲ ಕೆಟ್ಟೋಗಿದೆ ಮೇಡಂ, ಎಲ್ಲದ್ರಲ್ಲೂ ಕಲಬೆರಕೆ" ಎಂದ.

ನಾವು ನರ ಕಡಿದಿದೆ ಎಂದುಕೊಂಡಿದ್ದೆವು. ಕಡಿದದ್ದು ನರವಲ್ಲ, ಬೆರಳುಗಳನ್ನು ಎಳೆಯುವ ಹಗ್ಗ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಕಡಿದ ತುದಿಗಳು ತೋಳಿನೊಳಗೆ ಓಡಿಹೋಗಿ ಅಡಗಿದ್ದವಂತೆ. ಹುಡುಕಿ ಎಳೆದು ತಂದು ಹೊಲಿದಿದ್ದರು. ಒಂದು ಹಗ್ಗ ಚಿಂದಿಯಾಗಿತ್ತು, ಅದಕ್ಕೆ ಅದೇ ಕೈಯ ಬೇರೊಂದು ಹಗ್ಗ ತೆಗೆದು ಜೋಡಿಸಿದ್ದರು. ಹಾಗಾದರೆ ಆ ಹಗ್ಗದ ಕೆಲಸ ಯಾರು ಮಾಡುತ್ತಾರೆ ಎಂದು ನನಗೆ ಗಾಬರಿಯಾಯಿತು. ಅವರು ನನ್ನ ಹೆಬ್ಬೆರಳು ಕಿರುಬೆರಳು ಕೂಡಿಸಿ ಮಣಿಕಟ್ಟು ಬಗ್ಗಿಸಿದರು. ನಡುಮಧ್ಯೆ ಒಂದು ಹಗ್ಗ ಸೆಟೆದು ನಿಂತಿತು.

"ಇದೇ ಅದು. ಎಲ್ಲಕ್ಕಿಂತ ಮೇಲೆ ಎದ್ದು ಕಾಣುತ್ತೆ. ಕೆಲಸ ಅಂತ ಹೇಳ್ಕೊಳ್ಳೋಕೆ ಏನೂ ಇಲ್ಲ. ಕೆಲವರಿಗೆ ಇದು ಇರೋದೇ ಇಲ್ಲ, ಅವರಿಗೇನೂ ಕಮ್ಮಿಯಾಗಿಲ್ಲ."

ಅಷ್ಟರಲ್ಲಿ ಹೊರಗೆ ತಂದು ಮಲಗಿಸಿದ್ದ, ಮದ್ದಿನ ಅಮಲು ಇನ್ನೂ ಇಳಿಯದ ದೊಡ್ಡಕ್ಕ ಮಂಚದಿಂದಲೇ ತೊದಲಿದಳು: "ಯಜಮಾನ್ರ ಥರ. ಅವ್ರನ್ನೂ ಕಿತ್ತು ಕೆಲಸಕ್ಕೆ ಹಾಕಿ, ಪುಣ್ಯ ಬರ್ಲಿ."

ಮೇಸ್ತ್ರಿ ಕೇಳಿಸದವನಂತೆ ಗೋಡೆಯ ಗಡಿಯಾರ ನೋಡಿದ. ಆರು ವಾರ ಆ ಕೈ ಪಟ್ಟಿಯಲ್ಲೇ ಇರಬೇಕು, ಮೂರು ತಿಂಗಳು ಭಾರ ಎತ್ತಬಾರದು, ಎತ್ತಿದರೆ ಹೊಲಿಗೆ ಕಿತ್ತು ಬೆರಳುಗಳು ಹೋದಂತೆಯೇ ಎಂದರು ಡಾಕ್ಟರಮ್ಮ.

ಹತ್ತನೆಯ ದಿನ ಯಜಮಾನ ಅವಳನ್ನು ಶೆಡ್ಡಿಗೆ ಕರೆಸಿದ. ಗಾಯ ಹೇಗಾಯಿತೆಂದು ಅವಳೇ ಹೇಳಿದಂತೆ ಬರೆಸಿದ್ದ ಕಾಗದವನ್ನು ನಮ್ಮೆಲ್ಲರ ಮುಂದೆ ಮೇಸ್ತ್ರಿಯಿಂದ ಓದಿಸಿದ. ಅದರಲ್ಲಿ ಮನೆಯಿತ್ತು, ಈಳಿಗೆಮಣೆಯಿತ್ತು, ಕುಂಬಳಕಾಯಿಯ ತೂಕ ಕೂಡ ಇತ್ತು. ತೊಟ್ಟಿ ಮಾತ್ರ ಇರಲಿಲ್ಲ.

"ಒತ್ತು ಹೆಬ್ಬೆಟ್ಟು. ಒತ್ತಿದ್ರೆ ಮೂರು ತಿಂಗಳಾದ್ಮೇಲೆ ಬಾ, ಕೆಲಸ ಇರುತ್ತೆ. ಇಲ್ಲ ಅಂದ್ರೆ ಆ ಕೈ ಹಿಡ್ಕೊಂಡು ಭಿಕ್ಷೆ ಬೇಡು, ಒಳ್ಳೆ ಸಂಪಾದನೆ ಆಗುತ್ತೆ. ಬೇವರ್ಸಿಗಳು, ಒಂದು ಬಾಟ್ಲಿ ಹಿಡಿಯೋಕೆ ಬರಲ್ಲ."

ದೊಡ್ಡಕ್ಕ ಎಡಗೈಯ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡೇ ಬಿಟ್ಟಿದ್ದಳು. ಮನೆಯಲ್ಲಿ ತಾಯಿ, ಮಗಳು, ಇಬ್ಬರೂ ಇವಳ ಕೈ ನೋಡುವವರು. ಒತ್ತಿದರೆ ಜಾಲರಿಯ ಮಾತು ಅಲ್ಲಿಗೇ ಮುಗಿಯಿತು, ನಾಳೆ ನನ್ನ ಕೈ, ನಾಡಿದ್ದು ಇನ್ನೊಬ್ಬಳದು. ಅವಳು ನಮ್ಮ ಮುಖ ನೋಡಿದಳು. ಬೆಳಿಗ್ಗೆ ಬಂದು ಒತ್ತುತ್ತೇನೆ ಎಂದು ಹೆಬ್ಬೆಟ್ಟನ್ನು ಬಟ್ಟೆಗೆ ಒರೆಸಿಕೊಂಡಳು.

ಬೆಳಿಗ್ಗೆ ಎಂಟಕ್ಕೆ ಟೆಂಪೋ ಬಂದು ನಿಂತಿತ್ತು. ತೊಳೆದ ಬಾಟಲಿ ಒಂದೂ ಇರಲಿಲ್ಲ. ನಾವು ಹತ್ತೂ ಜನ ಬಲ ಮಣಿಕಟ್ಟಿಗೆ ಹಳೇ ಬಟ್ಟೆ ಸುತ್ತಿಕೊಂಡು, ದೊಡ್ಡಕ್ಕನ ಜೊತೆ ಸಾಲಾಗಿ ನಿಂತಿದ್ದೆವು.

ಇದೇನು ಎಂದ ಯಜಮಾನ.

"ಕುಂಬಳಕಾಯಿ" ಎಂದೆ ನಾನು. ಪಕ್ಕದವಳೂ ಕುಂಬಳಕಾಯಿ ಎಂದಳು. ಮೂಲೆಯ ಮುದುಕಿ, "ನಂದು ಸೋರೆಕಾಯಿ. ನಮ್ಮನೇಲಿ ಕುಂಬಳಕಾಯಿ ಯಾರೂ ಮುಟ್ಟಲ್ಲ" ಎಂದಳು.

ಯಜಮಾನ ನಮ್ಮ ಅಮ್ಮ ಅಕ್ಕಂದಿರನ್ನೆಲ್ಲ ಬೈದು ಮುಗಿಸಿ, ಬಾಟಲಿ ತೆಗೆ ಎಂದು ಮೇಸ್ತ್ರಿಗೆ ಕೂಗಿದ. ಮೇಸ್ತ್ರಿ ತೊಟ್ಟಿ ನೋಡಿದ, ತನ್ನ ಕೈ ನೋಡಿಕೊಂಡ, ಎರಡು ಹೆಜ್ಜೆ ಹಿಂದಕ್ಕೆ ಹೋದ.

"ಹೆದರುಪುಕ್ಕಲ ನನ್ಮಕ್ಳಾ, ಏನಿದೆ ಈ ನೀರಲ್ಲಿ? ನೋಡಿ ಇಲ್ಲಿ" ಎನ್ನುತ್ತ ಯಜಮಾನ ಗಡಿಯಾರ ಬಿಚ್ಚಿ ಮೇಸ್ತ್ರಿಯ ಕೈಗಿತ್ತ. ಅಂಗಿಯ ತೋಳು ಮಡಚಿ ತೊಟ್ಟಿಯ ಮೇಲೆ ಬಾಗಿದ. ನೀರಿಗೆ ಒಂದು ಗೇಣು ಇರುವಾಗ ಆ ಕೈ ನಿಂತಿತು.

"ಇಳ್ಸಿ ಯಜಮಾನ್ರೇ, ಬರೀ ನೀರು" ಎಂದಳು ದೊಡ್ಡಕ್ಕ.

ಹೊರಗೆ ಟೆಂಪೋದವನು ಹಾರನ್ ಒತ್ತಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದ. ಯಜಮಾನನ ಕೈ ನಿಂತಲ್ಲೇ ಇತ್ತು, ಬೆರಳುಗಳು ಒಂದೊಂದಾಗಿ ಒಳಕ್ಕೆ ಮಡಚಿಕೊಳ್ಳುತ್ತಿದ್ದವು.